ನೆರಳಿನಲ್ಲಿ ನೋಡಿದ ಮಣ್ಣು

ದಾಂಡೇಲಿಯಿಂದ ಬೆಳಗಿನ ಆರೂವರೆಯ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಕೊಡೆ, ಮೂರು ಬಗೆಯ ಮಾತ್ರೆ, ಇಂದೂರವೆಂಬ ಹಳ್ಳಿಯ ಹತ್ತಿರ ಏಳುತ್ತಿದ್ದ ಒಂದು ಸೌರ ವಿದ್ಯುತ್ ಸ್ಥಾವರದ ನಕ್ಷೆ ಇದ್ದವು. ಒಂದು ಕೊಡೆ ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು. ನಕ್ಷೆ ಮಾತ್ರ ಒಂದೇ, ಅದರ ಕೆಳಗೆ ನನ್ನದೇ ಸಹಿ.

ಆ ಸ್ಥಾವರದ ಅಡಿಪಾಯದ ಲೆಕ್ಕ ಹಾಕಿದವನು ನಾನು. ಅಡಿಪಾಯವೆಂದರೆ ಇಲ್ಲಿ ಕಾಂಕ್ರೀಟಲ್ಲ. ಉಕ್ಕಿನ ಕಂಬಗಳನ್ನು ಯಂತ್ರದಿಂದ ಬಡಿದು ನೆಲಕ್ಕಿಳಿಸಿ, ಅವುಗಳ ತಲೆಯ ಮೇಲೆ ಪ್ಯಾನಲ್ ಕೂಡಿಸುತ್ತಾರೆ. ಭಾರಕ್ಕೆ ಕಂಬ ಕುಸಿದೀತೆಂದು ಜನ ತಿಳಿಯುತ್ತಾರೆ. ನನ್ನ ಹೆದರಿಕೆ ತಿರುಗುಮುರುಗು. ಓರೆಯಾಗಿ ನಿಂತ ಪ್ಯಾನಲ್‌ನ ಅಡಿಗೆ ಗಾಳಿ ಹೊಕ್ಕರೆ ಅದು ಕಂಬವನ್ನೇ ಕಿತ್ತುಕೊಂಡು ಏಳಲು ನೋಡುತ್ತದೆ. ಹಿಡಿದಿಡಲು ಇರುವುದು ಸುತ್ತಲಿನ ಮಣ್ಣಿನ ಬಿಗಿಯೊಂದೇ. ಐದಡಿ ಆಳ ಸಾಕೆಂದು ನಾನು ಬರೆದುಕೊಟ್ಟಿದ್ದೆ.

ವಾರದ ಹಿಂದೆ, ಕಂಬ ಬಡಿಯುವ ಯಂತ್ರದ ಇಮಾಮಭಾಯಿ ಫೋನ್ ಮಾಡಿ, "ಸಾಹೇಬ್ರ, ಕೆಳಗಿನ ಹೊಲದಾಗ ಕಂಬ ಕೆಸರಾಗ ಗೂಟ ಹೊಡದಂಗ ಇಳಿಯಾಕತ್ತಾವ್ರಿ. ಒಮ್ಮೆ ಬಂದು ನೋಡಿ ಹೋಗ್ರಿ" ಎಂದಿದ್ದರು. ಅಂದಿನಿಂದ ನನಗೆ ಊಟ ಸೇರಿರಲಿಲ್ಲ. ಹೆಂಡತಿ ಇದನ್ನು ನಂಬಲಿಲ್ಲ, ತಟ್ಟೆ ಖಾಲಿಯಾಗುತ್ತಿತ್ತಲ್ಲ.

ಹಳಿಯಾಳದಲ್ಲಿ ಬಸ್ಸಿಳಿದಾಗ ಸಣ್ಣ ಮಳೆ. ಇಮಾಮಭಾಯಿ ಅದೇ ಊರಿನವರು, ಸುಮಾರು ನನ್ನದೇ ವಯಸ್ಸು. ತಮ್ಮ ಪಿಕಪ್ ಗಾಡಿಯ ಹಿಂದೆ ಚೈನ್ ಪುಲ್ಲಿ, ಮುಕ್ಕಾಲಿ, ಎಳೆತದ ಭಾರ ತೋರಿಸುವ ಮುಳ್ಳಿನ ಮೀಟರು ಎಲ್ಲ ಹೇರಿಕೊಂಡು ನಿಂತಿದ್ದರು. ಕಂಬವನ್ನು ಮೇಲಕ್ಕೆಳೆದು ನೋಡುವ ಪರೀಕ್ಷೆಗೆ ಇಷ್ಟು ಸಾಕು. ಎರಡು ಟನ್ ಎಳೆದರೂ ಕಂಬ ಅಲುಗಬಾರದು.

ಕಲಘಟಗಿಯ ದಾರಿಯುದ್ದಕ್ಕೂ ಎದುರಿಗೆ ಬರುವ ಪ್ರತಿ ಲಾರಿಗೂ ನಾನು ಕಾಲಡಿಯಲ್ಲಿಲ್ಲದ ಬ್ರೇಕು ಒತ್ತುತ್ತಿದ್ದೆ. "ಅಲ್ಲೇನ ಇಲ್ರಿ ಸಾಹೇಬ್ರ, ಬರೇ ತಗಡಿನ ಪತ್ರಾಸು. ತೂತ ಬಿದ್ದೀತು" ಎಂದರು ಇಮಾಮಭಾಯಿ. ಕಲಘಟಗಿಯಲ್ಲಿ ಗಿರಮಿಟ್ಟು, ಮಿರ್ಚಿ, ಚಹಾ. ಹೆದರಿದವನಿಗೆ ಹಸಿವೆ ಹೆಚ್ಚೆಂದು ತೋರುತ್ತದೆ, ಮಿರ್ಚಿಯನ್ನು ಎರಡನೆಯ ಸಲವೂ ತರಿಸಿದೆ.

ತಡಸ ದಾಟಿ, ಇಂದೂರದ ಹತ್ತಿರ ಡಾಂಬರು ಬಿಟ್ಟು ಎರಡು ಕಿಲೋಮೀಟರು ಒಳಗೆ ಹೋದರೆ ಸ್ಥಾವರ. ಮೇಲಿನ ದಿಬ್ಬದಲ್ಲಿ ಕೆಂಪು ಗಟ್ಟಿ ನೆಲ, ಅಲ್ಲಿ ಪ್ಯಾನಲ್‌ಗಳು ಆಗಲೇ ಕೂತಿದ್ದವು. ಕೆಳಗಿನ ಹೊಲದಲ್ಲಿ ಬರಿಯ ಕಂಬಗಳ ಸಾಲು, ಬುಡದಲ್ಲೆಲ್ಲ ನೀರು. ಕೊನೆಯ ಸಾಲಿನಿಂದ ಹತ್ತು ಹೆಜ್ಜೆಯಾಚೆ ಒಂದು ಹೆಂಚಿನ ಮನೆ. ಅದು ಜುಜೆಯದು. ಸಿದ್ದಿ ಜನಾಂಗದ ಈ ಮನುಷ್ಯನೇ ಏಪ್ರಿಲ್‌ನಲ್ಲಿ ನನ್ನ ಮಣ್ಣುಪರೀಕ್ಷೆಗೆ ಗುಂಡಿ ತೋಡಿಕೊಟ್ಟವನು.

"ಬಂದ್ರ್ಯಾ ಸಾಹೇಬ್ರ? ಈ ಸಲ ಬಿಸಲಿಲ್ಲ, ಆರಾಮ ಅಡ್ಡ್ಯಾಡ್ರಿ" ಎಂದ ಜುಜೆ.

"ಇಲ್ಲಿ ಮೊದಲು ಏನು ಬೆಳೀತಿದ್ರಿ?" ಎಂದು ಕೇಳಿದೆ.

"ಭತ್ತರೀ. ಮ್ಯಾಲಿನ ನೀರೆಲ್ಲಾ ಇಲ್ಲೇ ಬಂದು ನಿಂದರತೈತಿ."

"ಆವಾಗ ಯಾಕೆ ಹೇಳಲಿಲ್ಲ ಮಾರಾಯ?"

"ನೀವೆಲ್ಲಿ ಕೇಳಿದ್ರಿ? ತಲಿ ತಿರಗತೈತಿ, ನೆರಳಿದ್ದಲ್ಲೆ ತಗಿ ಅಂದ್ರಿ. ನೆರಳಿದ್ದಲ್ಲೆ ತಗದೆ. ನನಗೂ ಬಿಸಲರೀ."

ಅಂದು ತೆಗೆಸಿದ್ದು ಮೂರು ಗುಂಡಿ. ಒಂದು ಹುಣಸೆಮರದ ಕೆಳಗೆ, ಒಂದು ಮಾವಿನ ಕೆಳಗೆ, ಇನ್ನೊಂದು ದಿಬ್ಬದ ಬದುವಿನ ಮತ್ತಿಮರದ ಕೆಳಗೆ. ಬಿಸಿಲು ಬಡಿದು ಸಾಯುತ್ತೇನೆಂದು ಹೆದರಿ, ನೆರಳಿದ್ದಲ್ಲಿನ ಒಣಮಣ್ಣನ್ನಷ್ಟೇ ನೋಡಿ, ಇಡೀ ಮೂವತ್ತು ಎಕರೆಗೆ ಐದಡಿ ಎಂದು ಬರೆದಿದ್ದೆ. ಮರವಿಲ್ಲದ ಗದ್ದೆಗೆ ನಾನು ಇಳಿದೇ ಇರಲಿಲ್ಲ.

ಕೆಳಗಿನ ಹೊಲದ ನಡುವಿನ ಒಂದು ಕಂಬಕ್ಕೆ ಸರಪಳಿ ಬಿಗಿದು ಇಮಾಮಭಾಯಿ ನಿಧಾನವಾಗಿ ಜಗ್ಗತೊಡಗಿದರು. ಮೀಟರಿನ ಮುಳ್ಳು ಅರ್ಧ ಟನ್ ದಾಟಿತು. ಮುಕ್ಕಾಲು ಟನ್ನಿಗೆ ಬರುತ್ತಲೇ ಮುಳ್ಳು ಅಲ್ಲೇ ನಿಂತು, ಕಂಬ ಮೇಲೇಳತೊಡಗಿತು. ಸದ್ದಿಲ್ಲ. ನೆಲದೊಳಗಿದ್ದ ಭಾಗ ಗೇಣುದ್ದ ಹೊರಗೆ ಬಂದು, ಮೆತ್ತಿದ್ದ ಕೆಸರು ಜಾರಿ ನೀರಿಗೆ ಬಿತ್ತು. ಇನ್ನೆರಡು ಕಂಬಗಳನ್ನು ಎಳೆಸಿದೆ. ಅವೂ ಅಷ್ಟೇ.

ಸ್ಥಾವರ ಕಟ್ಟಿಸುತ್ತಿದ್ದ ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ. ಆತ ಸಿಟ್ಟಾಗಲಿಲ್ಲ, ಅದಕ್ಕೇ ಇನ್ನೂ ಭಯವಾಯಿತು. "ಸರ್, ಪರೀಕ್ಷೆಗೆ ಯಾವ ಕಂಬ ಅಂತ ಆರಿಸೋರು ನೀವೇ ಅಲ್ವಾ? ದಿಬ್ಬದ ಮೇಲಿನವು ಮೂರು ಎಳೆದು ರಿಪೋರ್ಟ್ ಕೊಟ್ಬಿಡಿ. ಸೋಮವಾರ ಪ್ಯಾನಲ್ ಕೂಡಿಸೋಕೆ ಜನ ಬರ್ತಾರೆ" ಎಂದ.

ಇಮಾಮಭಾಯಿ ಸರಪಳಿ ಹಿಡಿದು ನಿಂತಿದ್ದರು. "ಮ್ಯಾಲ ಹೋಗೂಣೇನ್ರಿ?"

ನಾನು ದಿಬ್ಬದ ಕಡೆ ನೋಡುತ್ತ ನಿಂತೆ. ಶೂರನಾಗಿ ನಿಂತೆನೆಂದು ಯಾರೂ ತಿಳಿಯಬಾರದು. ದಿಬ್ಬ ಹತ್ತಲು ಎಷ್ಟು ಹೊತ್ತಾದೀತೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಈ ತಪ್ಪು ಹೊರಬಿದ್ದರೆ ಈ ಸೀಮೆಯಲ್ಲಿ ನನಗೆ ಇನ್ನಾರೂ ಕೆಲಸ ಕೊಡರು.

ಜುಜೆ ಕೇಳಿದ, "ಗಾಳಿ ಬಿಟ್ರ ಇವು ಯಾವ ಕಡೆ ಬೀಳತಾವ್ರಿ?"

ಈ ಕಡೆ ಮಳೆಗಾಳಿ ಬೀಸುವುದು ಪಡುವಣದಿಂದ. ಅವನ ಮನೆಯಿದ್ದದ್ದು ಮೂಡಣಕ್ಕೆ. ನನ್ನ ಮುಖ ತಾನಾಗಿ ಆ ಕಡೆ ತಿರುಗಿತು. ಅವನೂ ತನ್ನ ಮನೆಯತ್ತ ನೋಡಿದ.

ಸೈಟಿನ ಪುಸ್ತಕ ತರಿಸಿದೆ. 'ಕೆಳಗಿನ ಹೊಲದಲ್ಲಿ ಎಳೆದ ಮೂರೂ ಕಂಬ ಎದ್ದಿವೆ. ಇಲ್ಲಿ ಪ್ಯಾನಲ್ ಕೂಡಿಸಬಾರದು. ಈ ಹೊಲದ ಮಣ್ಣನ್ನು ನಾನು ಪರೀಕ್ಷಿಸಿರಲಿಲ್ಲ. ಮಳೆಗಾಲದ ಮಣ್ಣು ನೋಡಿ, ಉದ್ದನೆಯ ಕಂಬಗಳ ಹೊಸ ಲೆಕ್ಕ ಕೊಡುತ್ತೇನೆ.' ಎಂದು ಬರೆದು ಸಹಿ ಹಾಕಿದೆ. ಧೈರ್ಯ ಆರುವ ಮೊದಲೇ ಪುಟದ ಫೋಟೊ ತೆಗೆದು ಮ್ಯಾನೇಜರಿಗೆ ಕಳಿಸಿದೆ. ಕಳಿಸಿದ ಮೇಲೆ ಧೈರ್ಯ ಬರುತ್ತದೆನ್ನುತ್ತಾರೆ. ನನಗೆ ಬೆವರು ಬಂತು.

ಉಳಿದ ಹೊತ್ತೆಲ್ಲ ಜುಜೆ ಗದ್ದೆಯಲ್ಲಿ ಐದು ಕಡೆ ಗುಂಡಿ ತೆಗೆದ. ನಾನು ಮೊಣಕಾಲುಮಟ್ಟ ಕೆಸರಲ್ಲಿ ನಿಂತು ಮಣ್ಣು ಚೀಲಕ್ಕೆ ತುಂಬಿಸಿದೆ. ಫೋನು ಏಳು ಸಲ ಹೊಡೆದುಕೊಂಡಿತು. ಕೈ ಕೆಸರಾಗಿದೆಯೆಂಬ ನೆಪ ಏಳು ಸಲವೂ ಒದಗಿತು.

ನಾಲ್ಕರ ಸುಮಾರಿಗೆ ಹೊರಟೆವು. ಗಾಡಿ ದಿಬ್ಬ ಏರುವಾಗ ಹಿಂದಿರುಗಿ ನೋಡಿದೆ. ಜುಜೆಯ ಹೆಂಡತಿ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ನಮ್ಮ ಕೊನೆಯ ಸಾಲಿನ ಕಂಬವೊಂದಕ್ಕೆ ಕಟ್ಟಿದ್ದಳು. ಈಗ ಅದನ್ನು ಬಿಚ್ಚಿ, ಅಂಗಳದ ಪೇರಲ ಗಿಡಕ್ಕೆ ಸುತ್ತಿ, ಒಮ್ಮೆ ಜಗ್ಗಿ ನೋಡಿ, ಗಂಟು ಹಾಕುತ್ತಿದ್ದಳು.