ಅಡ್ಡಿಲ್ಲೆ ಎಂದ ಅಪ್ಪ, ಮಂಗಳೂರಿಗೆ ಹೊರಟ ನಾನು

ಎಂ.ಬಿ.ಎ.ಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಹುಬ್ಬಳ್ಳಿಯಲ್ಲಿ, ಇನ್ನೊಂದು ಮಂಗಳೂರಿನಲ್ಲಿ. ಎರಡೂ ಕಾಗದ ಒಂದೇ ವಾರ ಸಿದ್ದಾಪುರದ ನಮ್ಮ ಬಾಡಿಗೆ ಮನೆಗೆ ಬಂದವು. ಹುಬ್ಬಳ್ಳಿಯವರು ಸೋಮವಾರದೊಳಗೆ ಒರಿಜಿನಲ್ ಮಾರ್ಕ್ಸ್ ಕಾರ್ಡು ತಂದುಕೊಡಿ ಎಂದಿದ್ದರು, ಮಂಗಳೂರಿನವರು ಗುರುವಾರದೊಳಗೆ. ಒಂದು ಕಡೆ ಕೊಟ್ಟರೆ ಮುಗಿಯಿತು, ಎರಡು ವರ್ಷ ಓದಿ ಮುಗಿಸುವ ತನಕ ವಾಪಸ್ಸು ಬರುವುದಿಲ್ಲ. ಹಾಗಾಗಿ ನನ್ನ ಮುಂದಿನ ಬದುಕೆಲ್ಲ ಆ ಆರೇಳು ಹಾಳೆಗಳನ್ನು ಯಾವ ಊರಿನ ಗುಮಾಸ್ತರ ಕೈಗೆ ಕೊಡುತ್ತೇನೆ ಎನ್ನುವುದರ ಮೇಲೆ ನಿಂತಿತ್ತು.

ಅಪ್ಪ ಹೈಸ್ಕೂಲು ಮಾಸ್ತರರು. ಅವರ ಲೆಕ್ಕದಲ್ಲಿ ಹುಬ್ಬಳ್ಳಿ ಎಂದೋ ನಿಶ್ಚಯವಾಗಿತ್ತು. ಅಲ್ಲಿ ಅವರ ತಂಗಿ, ನನ್ನ ಅತ್ತೆಯ ಮನೆಯಿದೆ, ಶನಿವಾರ ಬಸ್ಸು ಹತ್ತಿದರೆ ಸಂಜೆಗೆ ಊರು, ಮುಗಿಸಿದ ಮೇಲೆ ಬ್ಯಾಂಕು. ಬ್ಯಾಂಕು ಎನ್ನುವಾಗ ಅಪ್ಪನ ಮುಖ ಅರಳುತ್ತಿತ್ತು. ನನಗೆ ಬ್ಯಾಂಕೆಂದರೆ ಆಕಳಿಕೆ ಬರುತ್ತಿತ್ತು.

ಸಿರ್ಸಿಯಲ್ಲಿ ಬಿ.ಕಾಂ. ಮುಗಿಸಿದ ಮೇಲೆ ಒಂದು ವರ್ಷ ಅಲ್ಲಿಯದೇ ಒಂದು ಟಿವಿ, ಮಿಕ್ಸರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ದಿನಾ ಬೆಳಿಗ್ಗೆ ಬಸ್ಸು, ಕಾನಸೂರಿನಲ್ಲಿ ಕಾಲಿಡಲೂ ಜಾಗವಿಲ್ಲದಷ್ಟು ಜನ ಹತ್ತುತ್ತಿದ್ದರು. ಅಂಗಡಿಯಲ್ಲಿ ಉಳಿದವರೆಲ್ಲ ಮಿಕ್ಸರಿನ ಮೋಟಾರಿನ ಪುರಾಣ ಹೇಳುತ್ತಿದ್ದರೆ ನಾನು ಬಂದ ಹೆಂಗಸರ ಹತ್ತಿರ, ನಿಮ್ಮ ಮನೆಯಲ್ಲಿ ಎಷ್ಟು ಜನಕ್ಕೆ ದೋಸೆಗೆ ಬೀಸಬೇಕು ಎಂದು ಕೇಳುತ್ತಿದ್ದೆ. ಅಲ್ಲಿಂದ ಮಾತು ಶುರುವಾದರೆ ಮಿಕ್ಸರ್ ಹೋಗಿಯೇ ಹೋಗುತ್ತಿತ್ತು. ಮಾರುವುದೂ ಒಂದು ವಿದ್ಯೆ, ಅದನ್ನು ಸರಿಯಾಗಿ ಕಲಿಯಬೇಕು ಎಂದು ನನ್ನ ತಲೆಗೆ ಹೊಕ್ಕಿದ್ದು ಆಗ. ಮಂಗಳೂರಿನ ಕಾಲೇಜಿನಲ್ಲಿ ಅದನ್ನೇ ಮುಖ್ಯವಾಗಿ ಕಲಿಸುತ್ತಿದ್ದರು. ನಾಲ್ಕು ತಿಂಗಳು ಪೇಟೆಯಲ್ಲಿ ಓಡಾಡಿ ಕೆಲಸ ಮಾಡಬೇಕಿತ್ತು.

ಅಲ್ಲಿಯ ಸಂದರ್ಶನದಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡಿದ್ದೆ. ನಮ್ಮ ಕಾಲೇಜು ಹೇಗನ್ನಿಸಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಗಂಭೀರವಾಗಿ 'ನೋ ಆಬ್ಜೆಕ್ಷನ್, ಸರ್' ಎಂದೆ. ಮೂವರೂ ನಕ್ಕರು. ಅಡ್ಡಿಲ್ಲೆ ಎನ್ನುವುದನ್ನು ನಾನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಿದ್ದೆ! ಅವರಿಗೇನು ಗೊತ್ತು, ನಮ್ಮ ಕಡೆ ಅದು ದೊಡ್ಡ ಹೊಗಳಿಕೆ. ಊಟ ಹೇಗಿತ್ತು, ಅಡ್ಡಿಲ್ಲೆ. ಹುಡುಗ ಹೇಗಿದ್ದಾನೆ, ಅಡ್ಡಿಲ್ಲೆ. ಜ್ವರ ಹೇಗಿದೆ, ಅದೂ ಅಡ್ಡಿಲ್ಲೆ. ಚಟ್ಟನೆ ಹೇಳಿದರೆ ಖುಷಿಯ ಒಪ್ಪಿಗೆ. ಸ್ವಲ್ಪ ತಡೆದು, ಮುಖ ನೋಡದೆ ಹೇಳಿದರೆ ಮಾತ್ರ ಅರ್ಥ ಬೇರೆ: ನನಗೆ ಮನಸ್ಸಿಲ್ಲ, ನಿನಗೆ ಬುದ್ಧಿಯಿದ್ದರೆ ತಿಳಿದುಕೋ. ನಮ್ಮಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶನಿವಾರ ಯಲ್ಲಾಪುರಕ್ಕೆ ಹೋದೆ. ನನ್ನ ಬಿ.ಕಾಂ. ಗೆಳತಿಯ ಅಕ್ಕ ಹುಬ್ಬಳ್ಳಿಯ ಅದೇ ಕಾಲೇಜಿನಲ್ಲಿ ಓದಿ, ಈಗ ತಂದೆಯ ಲಾರಿ ಆಫೀಸು ನೋಡಿಕೊಳ್ಳುತ್ತಿದ್ದರು. ಅವರು ಹುಬ್ಬಳ್ಳಿಯನ್ನು ಒಂದಿಷ್ಟು ಬೈದರೆ ಮನೆಯಲ್ಲಿ ಹೇಳಲು ಅನುಕೂಲ ಎನ್ನುವುದು ನನ್ನ ಕಿತಾಪತಿ. ಅವರು ಬೈಯಲೇ ಇಲ್ಲ. ಫೋನಿನಲ್ಲಿ ಯಾರೋ ಡ್ರೈವರನ ಜೊತೆ ಜಗಳ ಮುಗಿಸಿ, ನನಗೆ ಚಹಾ ತರಿಸಿ, "ಎರಡೂ ಛಲೋನ ಅದಾವ. ನೀ ಏನ ಕಲೀಲಿಕ್ಕ ಹೊಂಟೀ, ಮೊದ್ಲ ಅದನ್ನ ಹೇಳು," ಎಂದರು. ಮಾರುವುದನ್ನು ಎಂದೆ. ಹಾಗಾದರೆ ಇಲ್ಲಿ ಕೂತು ಯಾಕೆ ಚಹಾ ಕುಡೀತಿದ್ದೀ ಎಂದು ನಕ್ಕರು. ಬರುವಾಗ ಬಸ್ಸಿನಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ಗೊತ್ತಿದ್ದದ್ದನ್ನು ಕೇಳಲು ಅಷ್ಟು ದೂರ ಹೋಗಬೇಕಿತ್ತೇ?

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಅಪ್ಪ ಅಂದೇ ಯಾವುದೋ ತರಬೇತಿಗೆಂದು ಎರಡು ದಿನ ಕಾರವಾರಕ್ಕೆ ಹೊರಟಿದ್ದರು. ಮರುದಿನ ನಾನೊಬ್ಬಳೇ ಹುಬ್ಬಳ್ಳಿಗೆ ಹೋಗುವುದು, ಅತ್ತೆ ಬಸ್ ಸ್ಟ್ಯಾಂಡಿಗೆ ಬರುವುದು ಎಂದು ನಿಶ್ಚಯವಾಗಿತ್ತು.

"ಅಪ್ಪ, ಆನು ಮಂಗಳೂರಿಗೇ ಹೋಗ್ತೆ," ಎಂದೆ.

ಅಪ್ಪ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡರು. ಕಲಸಿದರು. ತಟ್ಟೆಯನ್ನೇ ನೋಡುತ್ತ, "ಅಡ್ಡಿಲ್ಲೆ," ಎಂದರು. ಕೈ ತೊಳೆದು, ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.

ಅದು ಯಾವ ನಮೂನೆಯ ಅಡ್ಡಿಲ್ಲೆ ಎಂದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೂ ಸಂಜೆ ಎಸ್‌ಟಿಡಿ ಬೂತಿಗೆ ಹೋಗಿ ಅತ್ತೆಗೆ ಫೋನು ಮಾಡಿ, ನಾಳೆ ಬಸ್ ಸ್ಟ್ಯಾಂಡಿಗೆ ಬರುವುದು ಬೇಡ ಎಂದೆ. ಅಣ್ಣ ಒಪ್ಪಿದನೇ ಎಂದು ಕೇಳಿದರು. ಅಡ್ಡಿಲ್ಲೆ ಎಂದಿದ್ದಾನೆ ಎಂದೆ. ಮುಖ ನೋಡಿ ಹೇಳಿದನೇ ಎಂದು ಅತ್ತೆ ಕೇಳಿದರು. ಅವರೂ ನಮ್ಮವರೇ ತಾನೇ. ಸೋಮವಾರ ಇಡೀ ದಿನ ಮನೆ ಬಿಟ್ಟು ಕದಲಲಿಲ್ಲ.

ಮಂಗಳವಾರ ಅಪ್ಪ ಬಂದರು. ಚಪ್ಪಲಿ ಬಿಡುವ ಮೊದಲೇ, ಕೊಟ್ಟು ಬಂದೆಯಾ ಎಂದು ಕೇಳಿದರು.

"ನೀನೇ ಅಡ್ಡಿಲ್ಲೆ ಹೇಳಿದ್ಯಲ," ಎಂದೆ.

"ಆನು ಅಡ್ಡಿಲ್ಲೆ ಹೇಳಿದ್ದಿ. ಅಕ್ಕು ಹೇಳಿದ್ನಿಲ್ಲೆ."

ಅಕ್ಕು ಎಂದರೆ ಆಗಲಿ. ಅಷ್ಟೇ ವ್ಯತ್ಯಾಸ, ಆದರೆ ನಮ್ಮ ಮನೆಯಲ್ಲಿ ಅಷ್ಟು ಸಾಕಿತ್ತು. ನಾನು ಬೇಕೆಂದೇ ಪೆದ್ದಿಯಾದದ್ದು ಅಪ್ಪನಿಗೆ ತಿಳಿಯಿತು. ತಿಳಿಯಲಿ ಎಂದೇ ನಾನೂ ನಿಂತಿದ್ದೆ. ಮಂಗಳೂರಿನ ಅರ್ಜಿಗೆ ಸಹಿ ಹಾಕುವುದಿಲ್ಲ, ಹೇಗೆ ಸೇರುತ್ತೀಯೋ ನೋಡುತ್ತೇನೆ ಎಂದರು. ನಾನು ಸುಮ್ಮನಿರುವವಳೇ? ನನ್ನ ಮಾರ್ಕು, ನಾನು ಓದಿದ್ದು, ಬ್ಯಾಂಕು ಬೇಕಾದರೆ ನೀನೇ ಸೇರಿಕೋ ಎಂದುಬಿಟ್ಟೆ. ಆಮೇಲೆ ಬಹಳ ಹೆದರಿಕೆಯಾಯಿತು. ಅಪ್ಪನ ಎದುರು ಹಾಗೆ ಮಾತಾಡಿದ್ದು ಅದೇ ಮೊದಲು.

ಆಯಿ, ಅಂದರೆ ನನ್ನ ಅಮ್ಮ, ಅದುವರೆಗೆ ಎರಡೂ ಕಡೆ ಮಾತಾಡಿರಲಿಲ್ಲ. ಬುಧವಾರ ಸಂಜೆ ಒಣಗಿದ ಬಟ್ಟೆ ಮಡಚುತ್ತ, "ನಾಳೆ ಬಸ್ಸು ಎಷ್ಟೊತ್ತಿಗೆ? ಆನೂ ಬತ್ತೆ," ಎಂದಳು. ಘಟ್ಟ ಇಳಿಯುವಾಗ ವಾಂತಿ ಮಾಡಿಕೊಳ್ಳುವ ಆಯಿ, ಮಂಗಳೂರನ್ನು ನೋಡಿಯೇ ಇರದ ಆಯಿ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಮಂಗಳೂರು ಬಸ್ಸು ಕುಮಟೆಲ್ಲೇ ಹತ್ತಿ. ಹೊನ್ನಾವರದಲ್ಲಿ ಸೀಟು ಸಿಕ್ತಿಲ್ಲೆ," ಎಂದು ಪೇಪರಿಗೆ ಹೇಳಿದರು.

ಆಯಿ ಘಟ್ಟದಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಕುಮಟೆಯಲ್ಲಿ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, ನಡೆ ಎಂದಳು. ಕಾಲೇಜಿನ ಕೌಂಟರಿನಲ್ಲಿ ಗುಮಾಸ್ತರು ಅರ್ಜಿ ನೋಡಿ, ಇಲ್ಲಿ ತಂದೆಯ ಸಹಿ ಬೇಕಲ್ಲ, ತಂದೆಯವರು ಇಲ್ಲವೇ ಎಂದು ಕೇಳಿದರು.

"ಇದ್ದಾರೆ. ಸಹಿ ನಾನು ಹಾಕ್ತೇನೆ," ಎಂದಳು ಆಯಿ. ಅವರು ಏನೋ ಹೇಳಲು ಹೊರಟರು, ಆಯಿ ಅಷ್ಟರಲ್ಲಿ ಪೆನ್ನು ತೆಗೆದುಕೊಂಡಾಗಿತ್ತು. ಪೋಷಕರು ಎನ್ನುವ ಜಾಗದಲ್ಲಿ ಇಂಗ್ಲಿಷಿನಲ್ಲಿ, ದುಂಡಗೆ, ಒಂದೊಂದೇ ಅಕ್ಷರ ಬರೆದಳು. ಆಯಿಗೆ ಇಂಗ್ಲಿಷಿನಲ್ಲಿ ಸಹಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗುಮಾಸ್ತರು ನನ್ನ ಹಾಳೆಗಳನ್ನು ಎಣಿಸಿ, ಫೈಲಿಗೆ ಹಾಕಿ, ಕಪಾಟಿನಲ್ಲಿಟ್ಟು, ರಸೀದಿ ಕೊಟ್ಟರು.

ಬಾಗಿಲ ಹತ್ತಿರ ಬಂದ ಮೇಲೆ, ಗೆದ್ದ ಉಮೇದಿನಲ್ಲಿ, ಇನ್ನು ಎರಡು ವರ್ಷ ನನ್ನ ಮಾರ್ಕ್ಸ್ ಕಾರ್ಡು ಇವರ ಹತ್ತಿರವೇ ಎಂದೆ.

ಆಯಿ ಕಪಾಟಿನ ಕಡೆ ತಿರುಗಿ ನೋಡಿದಳು. "ಯನ್ನ ಎಸ್ಸೆಲ್ಸಿ ಕಾರ್ಡು ಇನ್ನೂ ಟ್ರಂಕಿನಲ್ಲೇ ಇದ್ದು," ಎಂದಳು. "ಫಸ್ಟ್ ಕ್ಲಾಸು. ಯಾರೂ ಒಂದು ಸಲವೂ ಕೇಳಿದ್ವಿಲ್ಲೆ."

ಇಪ್ಪತ್ತೆರಡು ವರ್ಷ ಅದೇ ಮನೆಯಲ್ಲಿದ್ದು ನಾನೂ ಕೇಳಿರಲಿಲ್ಲ.