ಹಿಮಬಂಡಿಯ ಹಿಂದಿನ ಸೀಟು

ಗಾಡಿ ಓಡಿಸುವುದೆಂದರೆ ನನಗೆ ಅಂಥ ಪ್ರೀತಿಯೇನಿಲ್ಲ. ಪ್ರೀತಿ ಇರುವುದು ಹಿಂದೆ ಕೂರುವವರ ಮೇಲೆ. ಧಾರವಾಡದಲ್ಲಿ ಸ್ಕೂಟರ್ ಇಟ್ಟುಕೊಂಡಿದ್ದ ಕಾಲದಲ್ಲಿ ಹಿಂದೆ ಯಾರೂ ಇಲ್ಲದೆ ಹೊರಟರೆ, ಏನೋ ಮರೆತು ಬಂದೆನೆಂದು ತಿರುತಿರುಗಿ ನೋಡುತ್ತಿದ್ದೆ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿಗೆ ಬಂದು ಕಾರು ಕೊಂಡ ಮೇಲೆ ಆ ಸುಖ ಹೋಯಿತು. ಕಾರಿನಲ್ಲೂ ಹಿಂದೆ ಜನ ಕೂರುತ್ತಾರೆ, ನಿಜ. ಆದರೆ ಅವರು ಯಾರನ್ನೂ ಹಿಡಿದುಕೊಳ್ಳಬೇಕಾಗಿಲ್ಲ. ಆ ಕೆಲಸವನ್ನು ಸೀಟ್ ಬೆಲ್ಟು ಮಾಡುತ್ತದೆ.

ಮಗಳು ನಿಧಿಗೆ ಹನ್ನೆರಡು ತುಂಬಿದ ವರ್ಷ ಈ ಸಂಗತಿ ನನ್ನನ್ನು ಕಾಡತೊಡಗಿತು. ಅಲ್ಲಿಯವರೆಗೆ ರಸ್ತೆ ದಾಟುವಾಗ ತಾನಾಗಿ ಕೈ ಚಾಚುತ್ತಿದ್ದವಳು ಈಗ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಳ್ಳುತ್ತಿದ್ದಳು. ಶಾಲೆಗೆ ಬಿಡಲು ಹೋದರೆ ಗೇಟು ಬರುವ ಮೊದಲೇ, ತಿರುವಿನಲ್ಲಿ, "ಹಿಯರ್ ಈಸ್ ಫೈನ್, ಅಪ್ಪ" ಎನ್ನುತ್ತಿದ್ದಳು. ಫೈನ್ ಯಾರಿಗೆ ಎಂದು ನಾನು ಕೇಳಲಿಲ್ಲ. ಮಕ್ಕಳು ಬೆಳೆಯಬೇಕು ಎಂದು ಎಲ್ಲರ ಹಾಗೆ ನಾನೂ ಹೇಳುತ್ತಿದ್ದೆ, ಒಳಗೊಳಗೇ ದುಃಖವಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಹತ್ತಿರದ ಡಿಡ್ಸ್‌ಬರಿಯ ಗೆಳೆಯ ಡಾಕ್ಟರ್ ಪಾಟೀಲ, ಈಸ್ಟರ್ ರಜೆಗೆ ಫಿನ್ಲೆಂಡಿಗೆ ಹೋಗಿ ಸ್ನೋಮೊಬೈಲ್ ಓಡಿಸೋಣ ಎಂದ. ಅದು ಹಿಮದ ಮೇಲೆ ಓಡುವ ಮೋಟರ್ ಬೈಕು. ಚಕ್ರವಿಲ್ಲ, ಮುಂದೆ ಎರಡು ಜಾರುಪಟ್ಟಿ, ಹಿಂದೆ ಒಂದು ದಪ್ಪ ಬೆಲ್ಟು. ಹಿಮದ ಭರಾಟೆ ನೋಡಬೇಕಾದರೆ ಫೆಬ್ರವರಿಯಲ್ಲಿ ಹೋಗಬೇಕಂತೆ. ಆದರೆ ಆಸ್ಪತ್ರೆಯ ಪಾಳಿಪಟ್ಟಿ ಪಾಟೀಲನಿಗೆ ಬಿಡುವು ಕೊಟ್ಟದ್ದು ಏಪ್ರಿಲ್‌ನಲ್ಲಿ. ನಮ್ಮೆರಡು ಸಂಸಾರಗಳು ಅಲ್ಲಿ ಇಳಿದಾಗ ಹಿಮ ಗಂಟುಮೂಟೆ ಕಟ್ಟುತ್ತಿತ್ತು. ಮರಗಳ ಬುಡದಲ್ಲಿ ಕಪ್ಪು ನೆಲ ಕಾಣುತ್ತಿತ್ತು, ಚಾವಣಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾವು ಶಿವನ ಒಕ್ಕಲು. ನಮ್ಮ ದೇವರು ಹಿಮದ ಬೆಟ್ಟದ ಮೇಲೆ ಬರೀ ಹುಲಿಚರ್ಮ ಸುತ್ತಿಕೊಂಡು ಕೂತವನು. ಅವನ ಭಕ್ತನಾದ ನಾನು ಮೂರು ಸ್ವೆಟರು, ಗಾಡಿ ಬಾಡಿಗೆಗೆ ಕೊಡುವವರು ಕೊಟ್ಟ ಗೋಣಿಚೀಲದಂಥ ಸೂಟು, ಹೆಲ್ಮೆಟ್ಟಿನ ಕೆಳಗೆ ಮಂಕಿ ಕ್ಯಾಪು ಏರಿಸಿ ಬಗ್ಗಲಾರದೆ ನಿಂತಿದ್ದೆ. ಶಿವನ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ವಾಹನ: ಅಪ್ಪನಿಗೆ ನಂದಿ, ಅಮ್ಮನಿಗೆ ಸಿಂಹ, ಮಕ್ಕಳಿಗೆ ಇಲಿ ಮತ್ತು ನವಿಲು. ಥೇಟ್ ನಮ್ಮ ಬೀದಿಯ ಮನೆಗಳ ಹಾಗೆ. ಕೈಲಾಸದಲ್ಲೂ ಪಾರ್ಕಿಂಗ್ ಜಗಳ ಇದ್ದೀತು. ಷಣ್ಮುಖ ನವಿಲೇರಿ ಲೋಕ ಸುತ್ತಿದ ಕಥೆ ಎಲ್ಲರಿಗೂ ಗೊತ್ತು. ಆದರೆ ನವಿಲು ಸಿಗುವ ಮೊದಲು ಆ ಹುಡುಗ ಅಪ್ಪನ ಎತ್ತಿನ ಮೇಲೆಯೇ ತಿರುಗಿರಬೇಕಲ್ಲ? ಅಲ್ಲಿ ಅವನು ಕೊನೆಯ ಸಲ ಕೂತದ್ದು ಯಾವತ್ತು ಎಂಬುದನ್ನು ಯಾವ ಪುರಾಣವೂ ಹೇಳುವುದಿಲ್ಲ. ಆ ದಿನ ಶಿವನಿಗೂ ಗೊತ್ತಾಗಿರಲಿಕ್ಕಿಲ್ಲ.

ಎಲ್ಲರಿಗಿಂತ ಮುಂದೆ ದಾರಿ ತೋರಿಸುವ ಗೈಡ್. ಅವನ ಗಾಡಿಗೆ ಕಟ್ಟಿದ ಜಾರುಬಂಡಿಯಲ್ಲಿ ಪಾಟೀಲನ ಹೆಂಡತಿ ಮತ್ತು ಇಬ್ಬರು ಚಿಕ್ಕ ಮಕ್ಕಳು. ಅವರ ಹಿಂದೆ ಪಾಟೀಲ, ಕಡೆಯಲ್ಲಿ ನಾನು. ನಿಧಿ ಕೂರಲೆಂದು ನನ್ನ ಗಾಡಿಯ ಹಿಂದಿನ ಸೀಟನ್ನು ಕೈಗವಸಿನಿಂದ ಒರೆಸಿಟ್ಟಿದ್ದೆ. ಅವಳು ನೆಟ್ಟಗೆ ಹೋಗಿ ಪಾಟೀಲನ ಹಿಂದೆ ಕೂತಳು. ತಪ್ಪೇನಿಲ್ಲ, ಅವನು ಜೋರಾಗಿ ಓಡಿಸುವವನು, ನಾನು ಮೋಟರ್‌ವೇಯಲ್ಲಿ ಲಾರಿಗಳಿಗೂ ದಾರಿ ಬಿಡುವವನು. ನನ್ನ ಹಿಂದೆ ಹೆಂಡತಿ ಗಿರಿಜಾ ಕೂತಳು. ಸೀಟು ಒರೆಸಿದ್ದು ನಿನಗೇ ಎಂದೆ. ಅವಳು ನಂಬಲಿಲ್ಲ.

ಅರ್ಧ ದಾರಿಯಲ್ಲಿ ಒಂದು ಮರದ ಗುಡಿಸಲು. ಗೈಡ್ ಬೆಂಕಿ ಹೊತ್ತಿಸಿ ಕಾಫಿ ಕಾಯಿಸಿದ. ನಾವು ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆವು. ಅವನಿಗೂ ಕೊಟ್ಟೆವು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿ ತಿಂದ. ಮತ್ತೆ ಹೊರಡುವ ಹೊತ್ತಿಗೆ ಗಿರಿಜಾ ಸೊಂಟ ಹಿಡಿದುಕೊಂಡು, ತಾನು ಇನ್ನು ಜಾರುಬಂಡಿಯಲ್ಲಿ ಬರುವುದಾಗಿ ಸಾರಿದಳು. ಮದುವೆಯಾದಂದಿನಿಂದ ಅವಳಿಗೆ ಸೊಂಟ ನೋವು ಬಂದದ್ದು ನನಗೆ ನೆನಪಿಲ್ಲ.

"ನಿಧಿ, ನೀ ಅಪ್ಪಾರ ಹಿಂದ ಕೂಡು" ಎಂದಳು.

"ಬಟ್ ಹೀ ಈಸ್ ಸೋ ಸ್ಲೋ, ಅಮ್ಮ."

"ಅದಕ್ಕ ಹೇಳಾಕತ್ತೀನಿ. ಹಿಂದ ಕುಂತು ಬೈಯಾಕ ಯಾರರ ಬೇಕಲ್ಲ."

ನಿಧಿ ಬಂದು ಕೂತಳು. ಕೂತಳು, ಆದರೆ ಸೀಟಿನ ಎರಡೂ ಪಕ್ಕದ ಹಿಡಿಕೆಗಳನ್ನು ಹಿಡಿದುಕೊಂಡು. ನನ್ನ ಬೆನ್ನಿಗೂ ಅವಳಿಗೂ ನಡುವೆ ಒಂದು ಪುಸ್ತಕ ಇಡುವಷ್ಟು ಜಾಗವಿತ್ತು. ಇರಲಿ, ಕೂತಿದ್ದಾಳಲ್ಲ ಎಂದುಕೊಂಡು, ದಾರಿ ಬೇಗ ಮುಗಿಯದಿರಲಿ ಎಂದು ಆಮೆಗೂ ಬೇಸರ ಬರುವ ಹಾಗೆ ಓಡಿಸಿದೆ. ಮುಂದಿನವರು ಚುಕ್ಕೆಗಳಾದರು. ದೂರದ ದಿಬ್ಬದ ಮೇಲೆ ಗೈಡ್ ಎದ್ದು ನಿಂತು, ಬೇಗ ಬಾ ಎಂದು ಕೈ ಬೀಸಿದ.

ಬೇರೆ ದಾರಿಯಿಲ್ಲದೆ ಹೆಬ್ಬೆರಳಿನ ಕೆಳಗಿನ ಆಕ್ಸಿಲರೇಟರನ್ನು ಒತ್ತಿದೆ. ಕರಗಿ ಉಬ್ಬುತಗ್ಗಾಗಿದ್ದ ಹಿಮದ ಮೇಲೆ ಗಾಡಿ ಎಗರಿತು. ಕೂಡಲೇ ಎರಡು ಕೈಗಳು ಬಂದು ನನ್ನ ಸೊಂಟವನ್ನು ಗಟ್ಟಿಯಾಗಿ ತಬ್ಬಿದವು. ಗಾಬರಿಯಾಗಿ ನಿಧಾನ ಮಾಡಿದೆ, ಕೈಗಳು ಹೋದವು. ಮತ್ತೆ ಒತ್ತಿದೆ, ಬಂದವು. ನಾನು ಎಂಜಿನಿಯರು. ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರುವವನಲ್ಲ. ಮೂರನೆಯ ಸಲವೂ ಮಾಡಿ ನೋಡಿದೆ. ಫಲಿತಾಂಶ ಅದೇ.

ಆಗ ಕಾಡಿನ ಅಂಚಿನಾಚೆ ನಾವು ತಂಗಿದ್ದ ಮನೆಯ ಚಾವಣಿ ಕಾಣಿಸಿತು. ಉಳಿದದ್ದು ಒಂದೇ ಒಂದು ಬಯಲು. ನಿಧಾನವಾಗಿ ಹೋದರೆ ಬಯಲು ಬೇಗ ಮುಗಿಯುವುದಿಲ್ಲ, ಆದರೆ ಕೈಗಳು ಹಿಡಿಕೆಗೆ ಹೋಗುತ್ತವೆ. ಜೋರಾಗಿ ಹೋದರೆ ಕೈಗಳು ಇರುತ್ತವೆ, ಬಯಲು ಮುಗಿದೇ ಹೋಗುತ್ತದೆ. ಹೆಬ್ಬೆರಳು ಅಲ್ಲೇ ಅನುಮಾನಿಸುತ್ತ ನಿಂತಿತು. ಹಿಂದಿನಿಂದ ಅವಳ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಬಂದು ತಾಗಿತು.

"ಇನ್ನಾ ಜೋರ್ ಹೋಗಪ್ಪ."

ವಿವೇಕವಿದ್ದ ಅಪ್ಪನಾಗಿದ್ದರೆ ಆ ಬಯಲನ್ನು ಎಳೆದೂ ಎಳೆದೂ ಸಂಜೆಯ ತನಕ ಉಳಿಸಿಕೊಳ್ಳುತ್ತಿದ್ದನೇನೋ. ನಾನು ಪೂರ್ತಿ ಒತ್ತಿದೆ.