ಹೊರಬಾಗಿಲ ಬಳಿ ಬಾಗಿದ ಗೆರೆ

ದೆವ್ವ, ಪ್ರೇತ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಅಳತೆಗೆ ಸಿಗದ್ದನ್ನು ನಂಬುವುದಿಲ್ಲ ಎಂದು ಜಂಬ ಕೊಚ್ಚಿಕೊಂಡವನು ನಾನು. ಈಗ ನೋಡಿ, ಅಳತೆಗೆ ಸಿಕ್ಕಿದ್ದನ್ನೇ ನಂಬಲಾಗದೆ ಒದ್ದಾಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಉರ್ವದ ನಮ್ಮ ಮನೆಯ ಮುಂಕೋಣೆಯಲ್ಲಿ ಪುಟ್ಟದೊಂದು ರೋಬೋಟ್ ಕಟ್ಟುತ್ತಿದ್ದೆ. ಗಾಲಿಯ ಮೇಲೆ ಓಡಾಡುತ್ತಾ ಅದು ಸುತ್ತಲಿನ ಗೋಡೆಗೆಲ್ಲ ಕೆಂಪು ಲೇಸರ್ ಗೆರೆ ಬೀಳಿಸುತ್ತದೆ. ತಲೆಯ ಮೇಲಿನ ಕ್ಯಾಮೆರಾ ಆ ಗೆರೆ ನೋಡಿ, ಎಲ್ಲ ದಿಕ್ಕಿನ ದೂರ ಅಳೆದು ಕಂಪ್ಯೂಟರಿನ ಪರದೆಯ ಮೇಲೆ ಕೋಣೆಯ ನಕ್ಷೆ ಬರೆಯುತ್ತದೆ. ಯಾರಾದರೂ ಅಡ್ಡ ಕೂತರೆ ಗೋಡೆಯ ಗೆರೆ ತುಂಡಾಗಿ ಅವರ ಮೈಮೇಲೆ ಬೀಳುತ್ತದೆ, ನಕ್ಷೆಯ ಗೆರೆ ಅಲ್ಲಿ ಒಳಕ್ಕೆ ಬಾಗುತ್ತದೆ.

ಹಾಗೆ ಅಡ್ಡ ಕೂರುವ ಕೆಲಸ ನನ್ನ ತಮ್ಮನದು. ನಮ್ಮದು ಕಡಲಿಗೆ ಹೋಗುವ ಮನೆತನ. ನಾನು ಮಾತ್ರ ಓದಿ ತಪ್ಪಿಸಿಕೊಂಡೆ. ತಮ್ಮ ಬೋಟಿನಿಂದ ಬಂದವನು ಹೊರಬಾಗಿಲ ಬಳಿಯೇ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. "ಮೈಯೆಲ್ಲ ಮೀನಿನ ವಾಸನೆ ಉಂಟು ಅಣ್ಣ. ನಿನ್ನ ಮೆಷಿನಿಗೆ ಮೂಗು ಇಲ್ಲದ್ದು ಒಳ್ಳೇದಾಯ್ತು," ಎಂದು ನಗುತ್ತಿದ್ದ.

ಅವನ ಬೋಟು ಮುಳುಗಿತು. ಉಳಿದವರು ಬದುಕಿ ಬಂದರು. ಅವನು ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಎರಡು ತಿಂಗಳಾದ ಮೇಲೆ ಹಿರಿಯರು, ಇನ್ನು ಬೊಜ್ಜ ಮುಗಿಸಿಬಿಡಿ ಎಂದರು. ಸತ್ತವರ ಉತ್ತರಕ್ರಿಯೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅಮ್ಮ ಸುತಾರಾಂ ಒಪ್ಪಲಿಲ್ಲ. "ಕಣ್ಣಲ್ಲಿ ನೋಡದೆ ಎಂತ ಬೊಜ್ಜ? ಎಲ್ಲಿಯೋ ದಡ ಸೇರಿರ್ತಾನೆ." ನನಗೂ ಅದೊಂದೇ ಆಸೆ.

ಒಂದು ಮಧ್ಯಾಹ್ನ ಸುಮ್ಮನೆ ಕೂರಲಾಗದೆ, ಲೇಸರ್ ಗೆರೆ ಕಾಣಲೆಂದು ಕಿಟಕಿ ಬಾಗಿಲು ಮುಚ್ಚಿ ರೋಬೋಟ್ ಓಡಿಸಿದೆ. ಪರದೆಯಲ್ಲಿ, ಹೊರಬಾಗಿಲ ಬಳಿ ಗೆರೆ ಬಾಗಿತು. ಹಳೆಯ ನಕ್ಷೆ ಉಳಿದಿರಬೇಕೆಂದು ಅಳಿಸಿದೆ. ಮತ್ತೆ ಬಾಗಿತು. ಲೆನ್ಸ್ ಒರೆಸಿದೆ. ರೋಬೋಟನ್ನೇ ಬೇರೆ ಮೂಲೆಗೆ ಒಯ್ದಿಟ್ಟೆ. ಅಲ್ಲಿಂದಲೂ ಬಾಗಿದ್ದು ಅದೇ ಜಾಗದಲ್ಲಿ. ತಲೆಯೆತ್ತಿ ನೋಡಿದರೆ ಗೋಡೆಯ ಮೇಲಿನ ಕೆಂಪು ಗೆರೆ ನೇರವಾಗಿಯೇ ಇದೆ, ಎಲ್ಲೂ ತುಂಡಾಗಿಲ್ಲ. ಅಯ್ಯೋ ದೇವರೇ, ಬಾಗಿಲ ಬಳಿ ಯಾರೂ ಇಲ್ಲ.

ಊಟಕ್ಕೆ ಕರೆಯಲು ಅಡುಗೆಮನೆಯಿಂದ ಬಂದ ಅಮ್ಮ ಪರದೆ ನೋಡಿದಳು. ತಮ್ಮ ಕೂತಾಗ ಅದು ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು.

"ಅಲ್ಲಿ ಯಾರು ಮಗಾ ಕೂತದ್ದು?"

"ಯಾರೂ ಇಲ್ಲಮ್ಮ. ಮೆಷಿನ್ ಹಾಳಾಗಿದೆ."

ಅಮ್ಮ ಬಾಗಿಲ ಕಡೆ ತಿರುಗಿದಳು. "ಹೌದು, ಹಾಳಾದದ್ದೇ. ಅವ ಅಲ್ಲ. ಅವನಾದರೆ ಬೊಜ್ಜ ಮಾಡಬೇಕಾಗ್ತದೆ," ಎಂದವಳು ಅಲ್ಲೇ ಕುಸಿದು ಅತ್ತಳು.

ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ರೋಬೋಟನ್ನು ಬಿಚ್ಚಿ ನೋಡಬಹುದು, ಅರ್ಧ ಗಂಟೆಯ ಕೆಲಸ. ಬಿಚ್ಚಿಲ್ಲ. ಒಳಗೆ ಯಾವ ದೋಷವೂ ಸಿಗದಿದ್ದರೆ ಅಮ್ಮನಿಗೆ ಏನು ಹೇಳಲಿ?